ಟರ್ನ್ ಅಪ್, ಪುಟ್ ಅಪ್, ಸೆಟ್ ಆಫ್: ಈ ಬಾಲಗಳನ್ನು ವಾಕ್ಯದಲ್ಲಿ ಹೇಗೆ ಹಾಕೋದು?

ಕಕ್ಕಬ್ಬೆ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಡಿಗ್ರಿ ಓದುತ್ತಿದ್ದೇನೆ. ಜೊತೆಗೆ ನಮ್ಮ ಚಿಕ್ಕಪ್ಪನ ಹೋಮ್‌ಸ್ಟೇಗೆ ಬರುವ ಮೆಸೇಜ್‌ಗಳಿಗೆ ಉತ್ತರ ಕೊಡುವ ಕೆಲಸವೂ ನನ್ನ ತಲೆಗೇ ಬಂದಿದೆ. ರೂಮ್ ರೇಟ್ ಎಷ್ಟು, ಊಟಕ್ಕೆ ಏನಿರುತ್ತೆ, ತಡಿಯಂಡಮೋಳ್ ಬೆಟ್ಟ ಹತ್ತೋಕೆ ಎಷ್ಟು ಹೊತ್ತು ಬೇಕು ಅಂತ ಇಂಗ್ಲಿಷ್‌ನಲ್ಲಿ ಕೇಳಿದರೆ ಸಲೀಸಾಗಿ ಬರೆಯುತ್ತೇನೆ. ತಲೆನೋವು ಆಗಿರೋದು ವರ್ಬ್ ಹಿಂದೆ ಅಂಟಿಕೊಂಡು ಬರುವ ಅಪ್, ಆಫ್, ಔಟ್, ಇನ್ ಅನ್ನೋ ಬಾಲಗಳಿಂದ.

ಮೊನ್ನೆ ಬಂದ ಮೆಸೇಜ್ ನೋಡಿ: 'ವಿ ವಿಲ್ ಸೆಟ್ ಆಫ್ ಫ್ರಮ್ ಮೈಸೂರು ಆಫ್ಟರ್ ಲಂಚ್, ಸೋ ವಿ ಮೈಟ್ ಟರ್ನ್ ಅಪ್ ಲೇಟ್. ಒನ್ ಕಪಲ್ ಹ್ಯಾಸ್ ಪುಲ್ಡ್ ಔಟ್. ಕ್ಯಾನ್ ಯು ಪುಟ್ ಅಪ್ ಅವರ್ ಡ್ರೈವರ್? ಇಫ್ ಇಟ್ ರೇನ್ಸ್, ಡೋಂಟ್ ಕಾಲ್ ಆಫ್ ದಿ ಜೀಪ್, ಜಸ್ಟ್ ಪುಟ್ ಇಟ್ ಆಫ್ ಟಿಲ್ ಸಂಡೇ.'

ಇದರಲ್ಲಿ ನನಗೆ ಗೊತ್ತಿಲ್ಲದ ಪದ ಒಂದೂ ಇಲ್ಲ. ಟರ್ನ್ ಅಂದರೆ ತಿರುಗು, ಅಪ್ ಅಂದರೆ ಮೇಲೆ. ಮೇಲೆ ತಿರುಗೋದು ಅಂದರೆ ಏನು ಸ್ವಾಮಿ? ಕಾಲೇಜಿನಲ್ಲಿ ಎ ಇಂದ ಝಡ್ ತನಕ ಉದ್ದಕ್ಕೆ ಒಂದು ಪಟ್ಟಿ ಕೊಟ್ಟಿದ್ದಾರೆ. ಪರೀಕ್ಷೆ ಮುಗಿದ ಮಾರನೇ ದಿನ ಅದರಲ್ಲಿ ಒಂದೂ ನೆನಪಿರಲ್ಲ. ಇದಕ್ಕೆ ಏನಾದರೂ ರೂಲ್ ಇದೆಯಾ, ಇಲ್ಲ ಸುಮ್ನೆ ಬಾಯಿಪಾಠ ಮಾಡಲೇಬೇಕಾ? ಇನ್ನೊಂದು, 'ಇಟ್', 'ದೆಮ್' ಅನ್ನೋದು ಕೆಲವು ಸಲ ಮಧ್ಯದಲ್ಲಿ ಬರುತ್ತೆ, ಕೆಲವು ಸಲ ಕೊನೆಗೆ ಬರುತ್ತೆ. ಅದು ಯಾವ ಲೆಕ್ಕ?

ನಾಪೋಕ್ಲು ಮೇಷ್ಟ್ರು

ಒಳ್ಳೆ ಪ್ರಶ್ನೆ ತಂಗೀ. ಮೊದಲು ಆ ಮೆಸೇಜ್ ಬಿಡಿಸೋಣ. ಸೆಟ್ ಆಫ್ ಅಂದರೆ ಹೊರಡುವುದು. ಟರ್ನ್ ಅಪ್ ಅಂದರೆ ಬಂದು ಸೇರುವುದು. ಅದರಲ್ಲೂ ಹೇಳದೆ ಕೇಳದೆ ಬಂದರೆ, ಅಥವಾ ಹೇಳಿದ ಹೊತ್ತು ಬಿಟ್ಟು ಬೇರೆ ಹೊತ್ತಿಗೆ ಬಂದರೆ ಈ ಮಾತು ಚೆನ್ನಾಗಿ ಒಪ್ಪುತ್ತೆ. ಮದುವೆಗೆ ಕರೆಯದವರು ಬಂದು ಕೂತರೂ 'ದೇ ಟರ್ನ್ಡ್ ಅಪ್' ಅಂತಲೇ ಹೇಳೋದು. ಪುಲ್ ಔಟ್ ಅಂದರೆ ಒಪ್ಪಿಕೊಂಡ ಮೇಲೆ ಹಿಂದೆ ಸರಿಯೋದು. ಪುಟ್ ಅಪ್ ಅಂದರೆ ಇಲ್ಲಿ ರಾತ್ರಿ ಉಳಿಯೋಕೆ ಜಾಗ ಕೊಡೋದು. ಕಾಲ್ ಆಫ್ ಅಂದರೆ ರದ್ದು ಮಾಡೋದು, ಪುಟ್ ಆಫ್ ಅಂದರೆ ಮುಂದಕ್ಕೆ ಹಾಕೋದು. ಈ ಕೊನೆಯ ಎರಡನ್ನು ಮಾತ್ರ ಅದಲು ಬದಲು ಮಾಡಿಕೊಳ್ಳಬೇಡ. ಭಾನುವಾರ ಜೀಪ್ ಬರುತ್ತೆ ಅಂತ ಅವರು ಅಂಗಳದಲ್ಲಿ ಕಾಯ್ತಾ ಇರ್ತಾರೆ, ಜೀಪಿನವನು ಮನೆಯಲ್ಲಿ ಮಲಗಿರ್ತಾನೆ.

ಇನ್ನು ರೂಲ್ ವಿಷಯ. ಗಣಿತದ ಸೂತ್ರದ ಹಾಗೆ ಒಂದು ರೂಲ್ ಇಲ್ಲ. ಆದರೆ ಬಾಲಗಳಿಗೆ ಅವುಗಳದ್ದೇ ಗುಣ ಇದೆ. ನಿಮ್ಮ ಪಟ್ಟಿಯನ್ನು ವರ್ಬ್ ಹಿಡಿದು ಎ, ಬಿ, ಸಿ ಅಂತ ಜೋಡಿಸಿದ್ದಾರಲ್ಲ, ಅದನ್ನು ಬಾಲ ಹಿಡಿದು ಓದಿ ನೋಡು, ಅರ್ಧ ಭಾರ ಇಳಿಯುತ್ತೆ. ಅಪ್ ತಗೋ. ಈಟ್ ಅಂದರೆ ತಿನ್ನು, ಈಟ್ ಅಪ್ ಅಂದರೆ ತಟ್ಟೆಯಲ್ಲಿ ಏನೂ ಉಳಿಸದೆ ತಿಂದುಬಿಡು. ಯೂಸ್ ಅಪ್ ಅಂದರೆ ಬಳಸಿ ಖಾಲಿ ಮಾಡಿಬಿಡು. ಕ್ಲೀನ್ ಅಪ್, ಡ್ರಿಂಕ್ ಅಪ್, ಡ್ರೈ ಅಪ್, ಎಲ್ಲ ಕಡೆ ಅಪ್ ಮಾಡ್ತಿರೋದು ಒಂದೇ ಕೆಲಸ: ಪೂರ್ತಿ ಆಯ್ತು ಅಂತ ಹೇಳೋದು. ನಮ್ಮ ಕನ್ನಡದಲ್ಲಿ ಈ ಕೆಲಸ ಮಾಡೋದು ಯಾರು? 'ಬಿಡು', 'ಹಾಕು', 'ಹೋಗು'. ತಿಂದುಬಿಡು ಅಂದಾಗ ಯಾರೂ ಏನನ್ನೂ ಬಿಡಲ್ಲ, ಅಲ್ವಾ? 'ಹುಲಿ ಹಸುವನ್ನು ಕೊಂದು ಹಾಕಿತು' ಅಂದಾಗ ಹುಲಿ ಯಾವುದನ್ನೂ ಎಲ್ಲಿಗೂ ಹಾಕಿಲ್ಲ. ಸುಟ್ಟುಹೋಯ್ತು ಅನ್ನೋದರಲ್ಲಿ ಯಾರೂ ಎಲ್ಲಿಗೂ ಹೋಗಿಲ್ಲ. ದೆಹಲಿಯ ಗೆಸ್ಟ್‌ಗೆ 'ನಾಳೆ ಬೆಳಿಗ್ಗೆ ಬಂದುಬಿಡಿ' ಅಂತ ಹೇಳಿ, ಕನ್ನಡ ಹೊಸದಾಗಿ ಕಲಿಯುತ್ತಿರುವ ಆತ ಪದ ಪದ ಬಿಡಿಸಿದರೆ ಬರಬೇಕೋ ಬಿಡಬೇಕೋ ಅಂತ ಒದ್ದಾಡ್ತಾನೆ. ನಿನ್ನ ಕಷ್ಟ ಅದೇ, ದಿಕ್ಕು ಮಾತ್ರ ಬೇರೆ.

ಆಫ್‌ಗೆ ಜಾಸ್ತಿ ಇರೋದು ಬೇರೆಯಾಗುವ, ದೂರ ಹೋಗುವ ಗುಣ. ಸೆಟ್ ಆಫ್, ಟೇಕ್ ಆಫ್, ಡ್ರಾಪ್ ಆಫ್, ಬಸ್ ಹತ್ತಿಸಿ ಬೀಳ್ಕೊಡುವ ಸೀ ಆಫ್. ಔಟ್‌ಗೆ ಎರಡು ಮುಖ. ಒಂದು ಮುಗಿದುಹೋಗೋದು: ರನ್ ಔಟ್, ಸೆಲ್ ಔಟ್, ಪುಟ್ ಔಟ್. ಇನ್ನೊಂದು ಗೊತ್ತಿಲ್ಲದ್ದು ಹೊರಗೆ ಬರೋದು: ಫೈಂಡ್ ಔಟ್, ವರ್ಕ್ ಔಟ್. ಎಲ್ಲವೂ ಈ ಗುಂಪಿಗೆ ಸರಿಯಾಗಿ ಕೂರಲ್ಲ. ಗಿವ್ ಅಪ್ ಯಾಕೆ ಕೈಬಿಡೋದು, ಬ್ರಿಂಗ್ ಅಪ್ ಯಾಕೆ ಮಗುವನ್ನು ಸಾಕೋದು ಮತ್ತು ಮಾತು ಎತ್ತೋದು ಎರಡೂ ಆಯ್ತು ಅಂತ ಕೇಳಿದರೆ ಅದನ್ನು ಬಳಕೆಯಿಂದಲೇ ಹಿಡಿಯಬೇಕು.

'ಇಟ್', 'ದೆಮ್' ಎಲ್ಲಿ ಬರುತ್ತೆ ಅನ್ನೋದಕ್ಕೆ ಮಾತ್ರ ಗಟ್ಟಿ ರೂಲ್ ಇದೆ. ಪಿಕ್ ಅಪ್ ದಿ ಗೆಸ್ಟ್ಸ್ ಅನ್ನಬಹುದು, ಪಿಕ್ ದಿ ಗೆಸ್ಟ್ಸ್ ಅಪ್ ಅಂತಲೂ ಅನ್ನಬಹುದು. ಆದರೆ ಹೆಸರು ಬಿಟ್ಟು ದೆಮ್ ಅಂದ ಕೂಡಲೇ ಅದು ಮಧ್ಯಕ್ಕೇ ಬರಬೇಕು: ಪಿಕ್ ದೆಮ್ ಅಪ್. 'ಪಿಕ್ ಅಪ್ ದೆಮ್' ಅಂತ ಇಂಗ್ಲಿಷ್ ಮನೆಮಾತಿನವರು ಯಾರೂ ಹೇಳಲ್ಲ. ಪುಟ್ ಇಟ್ ಆಫ್, ಕಾಲ್ ಇಟ್ ಆಫ್, ಟರ್ನ್ ಇಟ್ ಡೌನ್ ಎಲ್ಲ ಹಾಗೇ.

ಇನ್ನೊಂದು ಜಾತಿ ಇದೆ, ಅದನ್ನು ಮಧ್ಯದಲ್ಲಿ ಸೀಳೋ ಹಾಗಿಲ್ಲ. ಲುಕ್ ಆಫ್ಟರ್ ದೆಮ್ ಅಂತಲೇ ಹೇಳಬೇಕು, ಲುಕ್ ದೆಮ್ ಆಫ್ಟರ್ ಅಲ್ಲ. ಲುಕ್ ಫಾರ್, ಲುಕ್ ಇಂಟು, ರನ್ ಇಂಟು, ಕಮ್ ಅಕ್ರಾಸ್, ಗೆಟ್ ಓವರ್ ಇವೆಲ್ಲ ಈ ಜಾತಿ. ಎರಡು ಬಾಲ ಇದ್ದರಂತೂ ಸಾಮಾನ್ಯವಾಗಿ ಒಡೆಯೋದಿಲ್ಲ: ಪುಟ್ ಅಪ್ ವಿತ್ ದಿ ರೇನ್, ಅಂದರೆ ಮಳೆ ಸಹಿಸಿಕೊಳ್ಳೋದು. ರನ್ ಔಟ್ ಆವ್ ಗ್ಯಾಸ್, ಅಂದರೆ ಗ್ಯಾಸ್ ಖಾಲಿಯಾಗೋದು. ಒಂದು ಎಫ್ ಇರೋ ಪದವನ್ನು ನಾನು ಆವ್ ಅಂತ ಬರೆಯುತ್ತೇನೆ, ಅದರ ಉಚ್ಚಾರಣೆಯೂ ಹಾಗೇ ಇದೆ. ಎರಡು ಎಫ್ ಇರೋದು ಆಫ್. ಕನ್ನಡದಲ್ಲಿ ಎರಡನ್ನೂ ಒಂದೇ ಥರ ಬರೆದು ಬರೆದು ಮಕ್ಕಳು ಇಂಗ್ಲಿಷ್‌ನಲ್ಲೂ ಎಫ್ ಎಷ್ಟು ಅಂತ ಗೊಂದಲ ಮಾಡಿಕೊಳ್ತಾರೆ.

ತೋಟದ ರೈಟರ್

ಮೇಷ್ಟ್ರು ಹೇಳಿದ್ದು ಸರಿ. ನಾನು ವ್ಯಾಕರಣದವನಲ್ಲ. ಸಿದ್ದಾಪುರ ಕಡೆ ಕಾಫಿ ಎಸ್ಟೇಟಿನಲ್ಲಿ ರೈಟರ್ ಕೆಲಸ, ಅಂದರೆ ತೋಟದ ಲೆಕ್ಕ ಬರೆಯೋನು. ಓನರ್ ಊರಲ್ಲಿ ಇರೋದಿಲ್ಲ, ದಿನಾ ಸಂಜೆ ಇಂಗ್ಲಿಷ್‌ನಲ್ಲಿ ರಿಪೋರ್ಟ್ ಕಳಿಸಬೇಕು. ಹಾಗಾಗಿ ಈ ಬಾಲಗಳನ್ನು ನಾನು ಕಲಿತದ್ದೆಲ್ಲ ತೋಟದಲ್ಲೇ.

ಪಿಕ್ ಮತ್ತು ಪಿಕ್ ಅಪ್ ನೋಡಿ. ಗಿಡದಿಂದ ಹಣ್ಣು ಕೊಯ್ಯೋದು ಪಿಕ್. ನೆಲಕ್ಕೆ ಉದುರಿದ ಹಣ್ಣನ್ನು ಹೆಕ್ಕೋದು ಪಿಕ್ ಅಪ್. ನಮ್ಮಲ್ಲಿ ಇವೆರಡೂ ಬೇರೆ ಬೇರೆ ಕೆಲಸ. ಉದುರಿದ ಹಣ್ಣು ಹಾಗೇ ಬಿಟ್ಟರೆ ಕಾಯಿಕೊರಕ ಹುಳು ಅದರಲ್ಲೇ ಉಳಿದುಕೊಂಡು ಮುಂದಿನ ಬೆಳೆಗೆ ಬರುತ್ತೆ. ಅದಕ್ಕೇ ಕೊಯ್ಲು ಆದಮೇಲೆ ಹೆಕ್ಕಿಸೋದು. 'ಟುಡೇ ವಿಮೆನ್ ಪಿಕ್ಡ್ ಅಪ್ ರೊಬಸ್ಟಾ ಇನ್ ಬ್ಲಾಕ್ ಟೂ' ಅಂತ ಬರೆದರೆ ಕೊಯ್ಲು ಮುಗಿದು ಹೆಕ್ಕೋಕೆ ಶುರು ಮಾಡಿದ್ದಾರೆ ಅಂತ ಓನರ್ ಅಂದುಕೊಳ್ತಾರೆ. ಒಂದು ಚಿಕ್ಕ ಅಪ್‌ನಿಂದ ಇಡೀ ಲೆಕ್ಕ ಬದಲಾಯ್ತು.

ಮರದ ಕೆಲಸ ಬಂದರೆ ಇನ್ನೂ ಮಜಾ. ಕಟ್ ಡೌನ್ ಅಂದರೆ ಮರವನ್ನೇ ಉರುಳಿಸೋದು. ಕಟ್ ಆಫ್ ಅಂದರೆ ಒಂದು ಕೊಂಬೆ ಕಡಿದು ತೆಗೆಯೋದು. ಕಟ್ ಬ್ಯಾಕ್ ಅಂದರೆ ಜಾಸ್ತಿ ಬೆಳೆದದ್ದನ್ನು ಸವರಿ ಕಡಿಮೆ ಮಾಡೋದು, ಮಳೆಗಾಲಕ್ಕೆ ಮುಂಚೆ ನೆರಳಿನ ಮರಗಳಿಗೆ ಮಾಡ್ತೀವಲ್ಲ ಅದು. ಕಟ್ ಅಪ್ ಅಂದರೆ ಬಿದ್ದ ಮರವನ್ನು ತುಂಡು ತುಂಡು ಮಾಡೋದು. ನೆರಳು ಸವರಿ ಅಂತ ಹೇಳಬೇಕಾದ ಕಡೆ ಕಟ್ ಡೌನ್ ಅಂತ ಹೇಳಿ, ಕೇಳಿದವನು ಮಾತು ಕೇಳೋನಾಗಿದ್ದರೆ ತೋಟದಲ್ಲಿ ಸಿಲ್ವರ್ ಓಕ್ ಒಂದೂ ಉಳಿಯಲ್ಲ. ಕಟ್ ಆಫ್‌ಗೆ ಇನ್ನೊಂದು ಅರ್ಥವೂ ಇದೆ, ಅದು ಕೊಡಗಿನವರಿಗೆ ಹೇಳಿಕೊಡಬೇಕಾಗಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಪೇಪರ್‌ಗಳಲ್ಲಿ 'ವಿಲೇಜಸ್ ಕಟ್ ಆಫ್' ಅಂತ ಬರ್ತಾ ಇತ್ತಲ್ಲ, ರಸ್ತೆ ಹೋಗಿ ಊರಿಗೆ ಹೊರಗಿನ ಸಂಪರ್ಕವೇ ಇಲ್ಲದ ಹಾಗೆ ಆಗೋದು.

ಬ್ರೇಕ್ ಕೂಡ ದಿನಾ ಬೇಕಾಗುತ್ತೆ. ಜೀಪ್ ದಾರಿಯಲ್ಲಿ ಕೆಟ್ಟು ನಿಂತರೆ ಬ್ರೋಕ್ ಡೌನ್. ಆನೆ ಬೇಲಿ ಮುರಿದು ತೋಟಕ್ಕೆ ನುಗ್ಗಿದರೆ ಬ್ರೋಕ್ ಇಂಟು ದಿ ಎಸ್ಟೇಟ್, ಕಳ್ಳರಿಗೆ ಬಳಸುವ ಮಾತೇ ಆನೆಗೂ ಸರಿಹೋಗುತ್ತೆ. ಪಟಾಕಿ ಹೊಡೆದು ಓಡಿಸಿದರೆ ಚೇಸ್ಡ್ ದೆಮ್ ಅವೇ. ಅವು ಮಾರನೇ ರಾತ್ರಿ ಹಲಸಿನ ಹಣ್ಣಿಗೆ ಮತ್ತೆ ಬಂದರೆ, ಮೇಷ್ಟ್ರು ಹೇಳಿದ ಟರ್ನ್ಡ್ ಅಪ್ ಅಗೇನ್.

ನನ್ನ ಸಲಹೆ ಇಷ್ಟೇ ತಂಗಿ. ಪಟ್ಟಿ ಮುಚ್ಚಿಡು. ನಿನ್ನ ಹೋಮ್‌ಸ್ಟೇಯಲ್ಲಿ ದಿನಾ ನಡೆಯೋ ಕೆಲಸಕ್ಕೆ ಪೂರ್ತಿ ವಾಕ್ಯ ಬರೆದುಕೋ. ಬರೀ 'ಪುಟ್ ಔಟ್: ಆರಿಸು' ಅಂತ ಬರೆದರೆ ಮರೆತುಹೋಗುತ್ತೆ. 'ಪ್ಲೀಸ್ ಪುಟ್ ಔಟ್ ದಿ ಕ್ಯಾಂಪ್‌ಫೈರ್ ಬಿಫೋರ್ ಯು ಗೋ ಟು ಬೆಡ್' ಅಂತ ಬರೆದರೆ ಮರೆಯೋಕೆ ಆಗಲ್ಲ, ದಿನಾ ರಾತ್ರಿ ಯಾರಿಗಾದರೂ ಅದನ್ನು ಹೇಳಲೇಬೇಕು.

ಗೋಣಿಕೊಪ್ಪದ ಐಟಿ ಹುಡುಗ

ಇಷ್ಟೆಲ್ಲ ತಲೆಕೆಡಿಸಿಕೊಳ್ಳೋ ಅಗತ್ಯ ಇದೆಯಾ? ನಾನು ಬೆಂಗಳೂರಿನಲ್ಲಿ ವಿದೇಶದ ಕ್ಲೈಂಟ್‌ಗಳ ಜೊತೆ ದಿನಾ ಮಾತಾಡ್ತೀನಿ. ಪುಟ್ ಆಫ್ ಬದಲು ಪೋಸ್ಟ್‌ಪೋನ್ ಅನ್ನಿ, ಕಾಲ್ ಆಫ್ ಬದಲು ಕ್ಯಾನ್ಸಲ್ ಅನ್ನಿ, ಪುಟ್ ಅಪ್ ವಿತ್ ಬದಲು ಟಾಲರೇಟ್ ಅನ್ನಿ. ಒಂದೇ ಪದ, ಗೊಂದಲ ಇಲ್ಲ. ಅವರು ಹೇಳಿದ್ದು ಅರ್ಥ ಆದರೆ ಸಾಕು, ನಾವು ಹಾಗೇ ಹೇಳಬೇಕು ಅಂತ ಏನಿಲ್ಲ.

ಇನ್ನೊಂದು, ನಮ್ಮ ಕಡೆ ಎಲ್ಲರೂ 'ವೇರ್ ಆರ್ ಯು ಪುಟ್ ಅಪ್' ಅಂತ ಕೇಳ್ತಾರೆ. ಅದು ಭಾರತದ ಇಂಗ್ಲಿಷ್. ಹೊರಗಿನವರಿಗೆ ಅರ್ಥ ಆಗುತ್ತೆ, ಆದರೆ ಅವರು ಕೇಳೋದು 'ವೇರ್ ಆರ್ ಯು ಸ್ಟೇಯಿಂಗ್' ಅಂತ. 'ಐ ಪಾಸ್ಡ್ ಔಟ್ ಇನ್ 2015' ಅಂತಂತೂ ಹೇಳಲೇಬೇಡಿ. 2015ರಲ್ಲಿ ಪ್ರಜ್ಞೆ ತಪ್ಪಿ ಬಿದ್ದೆ ಅಂತ ಅಂದುಕೊಳ್ತಾರೆ. ಗ್ರಾಜುಯೇಟೆಡ್ ಅಂದರೆ ಮುಗೀತು.

ನಾಪೋಕ್ಲು ಮೇಷ್ಟ್ರು

ಅರ್ಧ ಒಪ್ಪುತ್ತೇನೆ. ಅರ್ಜಿ, ರಿಪೋರ್ಟ್, ಪರೀಕ್ಷೆಯ ಪ್ರಬಂಧ ಇದ್ದರೆ ಒಂಟಿ ಪದವೇ ಮೇಲು. ಆದರೆ ಮನೆಗೆ ಬರೋ ಗೆಸ್ಟ್‌ಗೆ 'ಕೈಂಡ್ಲಿ ಟಾಲರೇಟ್ ದಿ ರೇನ್' ಅಂತ ಬರೆದರೆ ಕಚೇರಿ ಸುತ್ತೋಲೆ ಬಂದ ಹಾಗೆ ಆಗುತ್ತೆ. ಇದಕ್ಕೆ ಕಾರಣ ಇತಿಹಾಸದಲ್ಲಿದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಆಸ್ಥಾನ, ಕೋರ್ಟು, ಕಾನೂನಿಗೆ ಫ್ರೆಂಚ್ ಬಂತು, ಓದುಬರಹಕ್ಕೆ ಲ್ಯಾಟಿನ್ ಮೊದಲೇ ಇತ್ತು. ಪೋಸ್ಟ್‌ಪೋನ್, ಟಾಲರೇಟ್, ಎಕ್ಸ್‌ಟಿಂಗ್ವಿಶ್ ಎಲ್ಲ ಲ್ಯಾಟಿನ್ ಮೂಲದವು. ಪುಟ್, ಸೆಟ್, ಕಟ್, ಅಪ್, ಔಟ್ ಇವು ಜನ ಅಡುಗೆಮನೆಯಲ್ಲಿ, ಹೊಲದಲ್ಲಿ ಆಡುತ್ತಿದ್ದ ಮಾತು. ಕನ್ನಡದಲ್ಲೂ ಬೆಂಕಿಯನ್ನು ಮನೆಯಲ್ಲಿ ಆರಿಸ್ತೀವಿ, ಪೇಪರಿನಲ್ಲಿ ನಂದಿಸ್ತಾರೆ. ಎರಡೂ ಗೊತ್ತಿರಬೇಕು, ಎಲ್ಲಿ ಯಾವುದು ಅಂತಲೂ ಗೊತ್ತಿರಬೇಕು.

ಮತ್ತೆ ಒಂದು ಬಾಲದ ಮಾತಿಗೆ ಎಲ್ಲ ಸಲ ಒಂಟಿ ಪದ ಸಿಗೋದೂ ಇಲ್ಲ. ಪುಟ್ ಆಫ್‌ನ ಇನ್ನೊಂದು ಅರ್ಥ ನೋಡಿ: 'ದಿ ಲೀಚಸ್ ಪುಟ್ ದೆಮ್ ಆಫ್'. ಜಿಗಣೆ ನೋಡಿ ಅವರಿಗೆ ಕಾಡಿಗೆ ಹೋಗೋ ಮನಸ್ಸೇ ಹೋಯ್ತು ಅಂತ. ಇಲ್ಲಿ ಪೋಸ್ಟ್‌ಪೋನ್ ಹಾಕೋಕೆ ಆಗುತ್ತಾ? ಮಳೆಗಾಲದ ಕೊಡಗಿನ ಹೋಮ್‌ಸ್ಟೇಗೆ ಇದಕ್ಕಿಂತ ಜಾಸ್ತಿ ಬಳಕೆ ಆಗೋ ವಾಕ್ಯ ಇನ್ನೊಂದಿಲ್ಲ!

ಪ್ರಿಪೋನ್, ಅಂದರೆ ಗೊತ್ತು ಮಾಡಿದ್ದಕ್ಕಿಂತ ಮುಂಚಿನ ಹೊತ್ತಿಗೆ ತರೋದು, ಅದರ ಬಗ್ಗೆ ಯಾರಾದರೂ ಕೇಳೋಕೆ ಮುಂಚೆ ಹೇಳಿಬಿಡ್ತೀನಿ. ಅದು ಭಾರತದ ಇಂಗ್ಲಿಷ್ ಪದ, ಆಕ್ಸ್‌ಫರ್ಡ್ ನಿಘಂಟಿಗೂ ಸೇರಿದೆ. ಹೊರಗಿನವರ ಜೊತೆ ಮಾತಾಡುವಾಗ ಬ್ರಿಂಗ್ ಫಾರ್ವರ್ಡ್ ಅಂದರೆ ಎಲ್ಲರಿಗೂ ತಿಳಿಯುತ್ತೆ: 'ವಿ ಹ್ಯಾವ್ ಬ್ರಾಟ್ ಬ್ರೇಕ್‌ಫಾಸ್ಟ್ ಫಾರ್ವರ್ಡ್ ಟು ಸೆವೆನ್.'

ಮಾಜಿ ಸುಬೇದಾರ್

ಪಾಸ್ ಔಟ್ ತಪ್ಪು ಅಂತ ಆ ಹುಡುಗ ಬರೆದದ್ದು ನೋಡಿ ಸುಮ್ಮನಿರೋಕೆ ಆಗಲಿಲ್ಲ. ಕೊಡಗಿನವರಾಗಿ ಪಾಸ್ ಔಟ್ ತಪ್ಪು ಅಂತೀರಲ್ಲ! ಡೆಹ್ರಾಡೂನ್‌ನ ಮಿಲಿಟರಿ ಅಕಾಡೆಮಿಯಲ್ಲಿ ತರಬೇತಿ ಮುಗಿದಾಗ ನಡೆಯೋದನ್ನು ಏನಂತಾರೆ? ಪಾಸಿಂಗ್ ಔಟ್ ಪರೇಡ್. ತರಬೇತಿ ಮುಗಿಸಿ ಹೊರಬರೋದಕ್ಕೆ ಬ್ರಿಟಿಷ್ ಸೈನ್ಯದಲ್ಲೂ ಇದೇ ಮಾತು. ಇಂಗ್ಲೆಂಡಿನ ನಿಘಂಟುಗಳಲ್ಲೂ ಸೈನ್ಯದ ಬಳಕೆ ಅಂತ ಕೊಟ್ಟಿದ್ದಾರೆ. ನಮ್ಮ ಕಾಲೇಜಿನವರು ಅದನ್ನು ಡಿಗ್ರಿಗೂ ಎಳೆದುಕೊಂಡರು, ಅಷ್ಟೇ. ಕಾಲೇಜಿಗೆ ಬೇಡ ಅನ್ನಿ, ಒಪ್ಪುತ್ತೇನೆ.

ಮಗಳೇ, ಸೈನ್ಯದ ಇಂಗ್ಲಿಷ್ ಪೂರ್ತಿ ಈ ಬಾಲಗಳ ಮೇಲೇ ನಿಂತಿದೆ. ಫಾಲ್ ಇನ್ ಅಂದರೆ ಸಾಲಿನಲ್ಲಿ ಬಂದು ನಿಲ್ಲು. ಫಾಲ್ ಔಟ್ ಅಂದರೆ ಸಾಲು ಬಿಟ್ಟು ಹೊರಡು. ಸಿವಿಲ್ ಜನರ ಬಾಯಲ್ಲಿ ಫಾಲ್ ಔಟ್ ಅಂದರೆ ಜಗಳ ಆಡಿ ದೂರ ಆಗೋದು: 'ದಿ ಬ್ರದರ್ಸ್ ಫೆಲ್ ಔಟ್ ಓವರ್ ದಿ ಎಸ್ಟೇಟ್'. ತೋಟ ಪಾಲಾದ ಮನೆಗಳಲ್ಲಿ ಈ ವಾಕ್ಯಕ್ಕೆ ಬೇರೆ ವಿವರಣೆ ಬೇಡ.

ಹ್ಯಾಂಡ್ ಓವರ್, ಟೇಕ್ ಓವರ್ ಇವೆರಡೂ ಜೋಡಿ. ಹುದ್ದೆ ಬಿಡುವವನು ಹ್ಯಾಂಡ್ಸ್ ಓವರ್ ಟು, ಬರುವವನು ಟೇಕ್ಸ್ ಓವರ್ ಫ್ರಮ್. ಟು ಮತ್ತು ಫ್ರಮ್ ತಪ್ಪಿದರೆ ಚಾರ್ಜ್ ಯಾರ ಕೈಗೆ ಹೋಯ್ತು ಅಂತಲೇ ಗೊತ್ತಾಗಲ್ಲ. ಇದಕ್ಕೆ ನಮ್ಮ ಮಡಿಕೇರಿಯ ಜನರಲ್ ಕಾರ್ಯಪ್ಪನವರಿಗಿಂತ ಒಳ್ಳೆ ಉದಾಹರಣೆ ಎಲ್ಲಿ ಸಿಗುತ್ತೆ? 'ಕಾರ್ಯಪ್ಪ ಟುಕ್ ಓವರ್ ಫ್ರಮ್ ಜನರಲ್ ಬುಚರ್ ಆನ್ 15 ಜನವರಿ 1949.' ಅದನ್ನೇ ತಿರುಗಿಸಿದರೆ 'ಬುಚರ್ ಹ್ಯಾಂಡೆಡ್ ಓವರ್ ಟು ಕಾರ್ಯಪ್ಪ'. ಜನವರಿ 15ನ್ನು ಆರ್ಮಿ ಡೇ ಅಂತ ಮಾಡೋದು ಇದಕ್ಕೇ. ಭಾರತೀಯನೊಬ್ಬ ಮೊದಲ ಸಲ ಇಡೀ ಸೈನ್ಯದ ಚಾರ್ಜ್ ತಗೊಂಡ ದಿನ ಅದು. ನಿಮ್ಮ ಹೋಮ್‌ಸ್ಟೇಯಲ್ಲೂ ಗೆಸ್ಟ್ ಹೋಗುವಾಗ 'ಪ್ಲೀಸ್ ಹ್ಯಾಂಡ್ ಓವರ್ ದಿ ಕೀ ಟು ದಿ ಕುಕ್' ಅಂತ ಬರೆಯಬಹುದು.

ಗೋಣಿಕೊಪ್ಪದ ಐಟಿ ಹುಡುಗ

ಸುಬೇದಾರ್ ಸಾಬ್, ಕಾಲೇಜಿಗೆ ಬೇಡ ಅಂತ ಮಾತ್ರ ನಾನು ಹೇಳಿದ್ದು 🙏 ಪರೇಡ್‌ಗೆ ನನ್ನ ತಕರಾರು ಏನೂ ಇಲ್ಲ.

ಕುಶಾಲನಗರ ಅಮ್ಮ

ನನ್ನದೂ ಒಂದು ಸೇರಿಸಿಕೊಳ್ಳಿ. ನನ್ನ ಮಗ ಆರನೇ ಕ್ಲಾಸು. ಹೋಮ್‌ವರ್ಕ್‌ನಲ್ಲಿ 'ಐ ಆಫ್ಡ್ ದಿ ಫ್ಯಾನ್' ಅಂತ ಬರೆದಿದ್ದ. ಮಿಸ್ ಕೆಂಪು ಇಂಕಿನಲ್ಲಿ ಗೆರೆ ಎಳೆದಿದ್ದಾರೆ, ಯಾಕೆ ತಪ್ಪು ಅಂತ ಬರೆದಿಲ್ಲ. ಮನೆಯಲ್ಲಿ ನಾವೆಲ್ಲ ಫ್ಯಾನ್ ಆಫ್ ಮಾಡು ಅಂತಲೇ ಅಲ್ವಾ ಹೇಳೋದು?

ನಾಪೋಕ್ಲು ಮೇಷ್ಟ್ರು

ಹುಡುಗ ಯೋಚನೆ ಮಾಡಿಯೇ ಬರೆದಿದ್ದಾನೆ ಮೇಡಂ. ಕನ್ನಡ ಇಂಗ್ಲಿಷಿನಿಂದ ಸ್ವಿಚ್ ಆಫ್ ತಗೊಳ್ಳುವಾಗ ತಲೆ ಬಿಟ್ಟು ಬಾಲ ಮಾತ್ರ ತಗೊಂಡಿತು. ನಾವು 'ಮಾಡು' ಸೇರಿಸಿ ಆನ್ ಮಾಡು, ಆಫ್ ಮಾಡು ಅಂತ ಮಾಡಿಕೊಂಡೆವು. ಅವನು ಅದನ್ನು ವಾಪಸ್ ಇಂಗ್ಲಿಷಿಗೆ ಕಳಿಸುವಾಗ ಮಾಡು ಬಿಟ್ಟ, ಉಳಿದದ್ದು ಆಫ್. ಇಂಗ್ಲಿಷ್‌ನಲ್ಲಿ ಮುಂದೆ ಸ್ವಿಚ್ ಅಥವಾ ಟರ್ನ್ ಬೇಕೇ ಬೇಕು: ಐ ಸ್ವಿಚ್ಡ್ ಆಫ್ ದಿ ಫ್ಯಾನ್, ಐ ಟರ್ನ್ಡ್ ಇಟ್ ಆಫ್. ಅವನಿಗೆ ಹೀಗೆ ಹೇಳಿಕೊಡಿ, ಇನ್ನೊಮ್ಮೆ ಬರೆಯಲ್ಲ.

ಕರೆಂಟ್ ಹೋದರೆ 'ಕರೆಂಟ್ ವೆಂಟ್' ಅಂತ ಬರೆಯೋದೂ ಇದೇ ಥರ. ದಿ ಪವರ್ ವೆಂಟ್ ಔಟ್ ಅನ್ನಬೇಕು, ವೆಂಟ್ ಆಫ್ ಅಂದರೂ ನಡೆಯುತ್ತೆ. ಬಂದರೆ ದಿ ಪವರ್ ಈಸ್ ಬ್ಯಾಕ್ ಆನ್. ಗೋ ಆಫ್‌ಗೆ ಒಂದು ವಿಚಿತ್ರ ಇದೆ ನೋಡಿ: ಲೈಟ್ ಗೋಸ್ ಆಫ್ ಅಂದರೆ ನಿಲ್ಲುತ್ತೆ, ಅಲಾರಂ ಗೋಸ್ ಆಫ್ ಅಂದರೆ ಹೊಡೆದುಕೊಳ್ಳೋಕೆ ಶುರು ಆಗುತ್ತೆ, ಹಾಲು ಗೋಸ್ ಆಫ್ ಅಂದರೆ ಕೆಡುತ್ತೆ. ಇದಕ್ಕೆ ಮಾತ್ರ ನನ್ನ ಹತ್ತಿರ ಯಾವ ಸಮಾಧಾನವೂ ಇಲ್ಲ.

ಕಕ್ಕಬ್ಬೆ ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರೈಟರ್ ಅಣ್ಣ ಹೇಳಿದ ಹಾಗೆ ಪೂರ್ತಿ ವಾಕ್ಯ ಬರೆಯೋಕೆ ಶುರು ಮಾಡಿದೆ. ಇನ್ನೊಬ್ಬರು ಬಸ್ಸಿನಲ್ಲಿ ಬರ್ತಿದ್ದಾರೆ, ಅವರಿಗೆ ಕಳಿಸೋಕೆ ಇದು ಸರಿ ಇದೆಯಾ ನೋಡಿ: 'ಪ್ಲೀಸ್ ಗೆಟ್ ಡೌನ್ ಅಟ್ ಕಬ್ಬಿನಕಾಡು ಜಂಕ್ಷನ್. ಅವರ್ ಡ್ರೈವರ್ ವಿಲ್ ಪಿಕ್ ಯು ಅಪ್. ಗೆಟ್ ಆನ್ ದಿ ಜೀಪ್ ಅಂಡ್ ಹಿ ವಿಲ್ ಡ್ರಾಪ್ ಯು ಆಫ್ ಅಟ್ ದಿ ಗೇಟ್. ವಿ ಆರ್ ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು.'

ನಾಪೋಕ್ಲು ಮೇಷ್ಟ್ರು

ಪಿಕ್ ಯು ಅಪ್, ಡ್ರಾಪ್ ಯು ಆಫ್ ಎರಡೂ ಸರಿಯಾದ ಜಾಗದಲ್ಲಿ ಕೂತಿವೆ, ಭೇಷ್. ಮೂರು ಕಡೆ ತಿದ್ದಬೇಕು.

ಗೆಟ್ ಡೌನ್ ಬದಲು ಗೆಟ್ ಆಫ್. ಇಳಿಯೋದು ಅಂದ ಕೂಡಲೇ ನಮಗೆ ಡೌನ್ ನೆನಪಾಗುತ್ತೆ. ಇಂಗ್ಲಿಷ್‌ನವರು ಬಸ್‌ನಿಂದ ಕೆಳಗೆ ಬರೋದನ್ನು ನೋಡಲ್ಲ, ಬಸ್‌ನಿಂದ ಬೇರೆ ಆಗೋದನ್ನು ನೋಡ್ತಾರೆ. ಆಫ್‌ನ ಗುಣ ಮೇಲೆ ಹೇಳಿದ್ದೆನಲ್ಲ, ಇದು ಅದೇ.

ಜೀಪ್‌ಗೆ ಗೆಟ್ ಆನ್ ಅಲ್ಲ, ಗೆಟ್ ಇನ್. ಒಳಗೆ ಎದ್ದು ನಿಂತು ನಡೆದಾಡಬಹುದಾದ ವಾಹನಕ್ಕೆ ಆನ್ ಮತ್ತು ಆಫ್: ಬಸ್ಸು, ವಿಮಾನ, ಹಡಗು, ರೈಲು. ರೈಲು ನಮ್ಮ ಜಿಲ್ಲೆಗೆ ಇನ್ನೂ ಬಂದಿಲ್ಲ, ಆದರೂ ಪರೀಕ್ಷೆಗೆ ಬರುತ್ತೆ. ಬಗ್ಗಿ ನುಸುಳಿ ಸೀದಾ ಸೀಟಿಗೆ ಹೋಗಿ ಕೂರೋ ವಾಹನಕ್ಕೆ ಇನ್ ಮತ್ತು ಔಟ್: ಕಾರು, ಆಟೋ, ಜೀಪು. ಕಾಲು ಚಾಚಿ ಮೇಲೆ ಕೂರೋದಕ್ಕೆ, ಅಂದರೆ ಬೈಕು, ಸೈಕಲ್ಲು, ಕುದುರೆಗೆ ಮತ್ತೆ ಆನ್. ದುಬಾರೆ ಶಿಬಿರದ ಆನೆಗೂ ಆನ್‌ನೇ.

ಕೊನೆಯದು ಟು ಮೀಟ್ ಅಲ್ಲ, ಟು ಮೀಟಿಂಗ್. ಇದು ಎಲ್ಲರ ಕಾಲೆಳೆಯೋ ಜಾಗ. ಐ ವಾಂಟ್ ಟು ಮೀಟ್ ಅನ್ನುವಾಗ ಇರೋ ಟು ಬೇರೆ, ಲುಕ್ ಫಾರ್ವರ್ಡ್ ಟು ಅನ್ನುವಲ್ಲಿ ಇರೋ ಟು ಬೇರೆ. ಎರಡನೆಯದು ಪ್ರಿಪೊಸಿಷನ್, ಅದರ ಮುಂದೆ ಹೆಸರು ಬರಬೇಕು, ಇಲ್ಲ ಐಎನ್‌ಜಿ ರೂಪ ಬರಬೇಕು. ಅನುಮಾನ ಬಂದರೆ ಅಲ್ಲಿ ಒಂದು ಹೆಸರು ಇಟ್ಟು ನೋಡು. ನಮ್ಮ ಸುಗ್ಗಿ ಹಬ್ಬ ಪುತ್ತರಿ ಇಟ್ಟು ಲುಕಿಂಗ್ ಫಾರ್ವರ್ಡ್ ಟು ಪುತ್ತರಿ ಅನ್ನಬಹುದಲ್ವಾ, ಹಾಗಾದರೆ ಐಎನ್‌ಜಿ. ವಾಂಟ್ ಟು ಪುತ್ತರಿ ಅನ್ನೋಕೆ ಬರಲ್ಲ, ಹಾಗಾದರೆ ಬರೀ ಮೀಟ್. ಐ ಆಮ್ ಯೂಸ್ಡ್ ಟು ವಾಕಿಂಗ್ ಇನ್ ದಿ ರೇನ್ ಕೂಡ ಇದೇ ಲೆಕ್ಕ, ಮಳೆಯಲ್ಲಿ ನಡೆದು ಅಭ್ಯಾಸ ಇದೆ ಅಂತ. ಆಮ್ ತೆಗೆದು ಐ ಯೂಸ್ಡ್ ಟು ವಾಕ್ ಅಂದರೆ ಮೊದಲು ನಡೀತಿದ್ದೆ, ಈಗ ಇಲ್ಲ ಅಂತ ಆಗುತ್ತೆ.

ತೋಟದ ರೈಟರ್

ಮೇಷ್ಟ್ರೇ, ಬಾಲ ಬೇಡದ ಕಡೆ ಅಂಟಿಸೋದರ ಬಗ್ಗೆಯೂ ಒಂದು ಮಾತು ಹೇಳಿ. ನಮ್ಮ ಆಫೀಸಿನಲ್ಲಿ ಡಿಸ್ಕಸ್ ಅಬೌಟ್, ರಿಟರ್ನ್ ಬ್ಯಾಕ್, ಕೋಪ್ ಅಪ್ ವಿತ್ ಎಲ್ಲ ಧಾರಾಳವಾಗಿ ಓಡಾಡ್ತವೆ.

ನಾಪೋಕ್ಲು ಮೇಷ್ಟ್ರು

ಮೂರಕ್ಕೂ ಕತ್ತರಿ ಹಾಕಿ. ಡಿಸ್ಕಸ್ ದಿ ವೇಜಸ್ ಸಾಕು, ಅಬೌಟ್ ಬೇಡ. ರಿಟರ್ನ್‌ನಲ್ಲೇ ವಾಪಸ್ ಇದೆ, ಮತ್ತೆ ಬ್ಯಾಕ್ ಯಾಕೆ? ಕೋಪ್ ವಿತ್ ದಿ ಕೋಲ್ಡ್ ಸರಿ, ಮಧ್ಯದ ಅಪ್ ಬಹುಶಃ ಪುಟ್ ಅಪ್ ವಿತ್‌ನಿಂದ ಜಾರಿ ಬಂದದ್ದು. ಕಂಪ್ರೈಸ್ ಆವ್ ಕೂಡ ಬೇಡ, ಕನ್ಸಿಸ್ಟ್ ಆವ್ ಅನ್ನಿ.

ಕುಶಾಲನಗರ ಅಮ್ಮ

ಕೊನೇದಾಗಿ ಒಂದು ಸರ್. ಶಾಲೆಯ ಫಾರಂ ಬಂದಿದೆ, ಮೇಲೆ ಫಿಲ್ ಇನ್ ಅಂತಿದೆ. ಬ್ಯಾಂಕಿನಲ್ಲಿ ಫಿಲ್ ಅಪ್ ಅಂತಾರೆ, ಅಮೆರಿಕದಲ್ಲಿರೋ ನಮ್ಮ ನಾದಿನಿ ಫಿಲ್ ಔಟ್ ಅಂತಾಳೆ. ಯಾವುದು ಸರಿ?

ಗೋಣಿಕೊಪ್ಪದ ಐಟಿ ಹುಡುಗ

ಇದು ನನಗೆ ಗೊತ್ತು ಅಕ್ಕ. ಫಿಲ್ ಇನ್ ಬ್ರಿಟಿಷರದ್ದು, ಫಿಲ್ ಔಟ್ ಅಮೆರಿಕದವರದ್ದು, ಎರಡರಲ್ಲಿ ಯಾವುದು ಬರೆದರೂ ತಪ್ಪಿಲ್ಲ. ಫಿಲ್ ಅಪ್ ನಮ್ಮ ಕಡೆ ಫಾರಂಗೂ ಹೇಳ್ತೀವಿ, ಆದರೆ ಅದನ್ನು ಪೆಟ್ರೋಲ್ ಟ್ಯಾಂಕಿಗೆ, ನೀರಿನ ಡ್ರಮ್ಮಿಗೆ ಇಟ್ಟುಕೊಳ್ಳೋದು ಒಳ್ಳೇದು. ಮತ್ತೆ ನಾದಿನಿ ಫೋನಿನಲ್ಲಿ 'ಫಿಲ್ ಮಿ ಇನ್' ಅಂದರೆ ಫಾರಂ ಹುಡುಕೋಕೆ ಹೋಗಬೇಡಿ, ಊರಲ್ಲಿ ಏನೇನಾಯ್ತು ಅಂತ ಕೇಳ್ತಿದ್ದಾರೆ.